ಬಾತ್‌ಟಬ್ಬಿನಲ್ಲಿ ನೆನೆದ ಬಾಟಲಿಗಳು

ಹನ್ನೊಂದನೆಯ ವಯಸ್ಸಿನಿಂದ ಹದಿಮೂರು ತುಂಬುವವರೆಗೆ ನಾನು ಅಪ್ಪನ ಬಿಯರ್ ಬಾಟಲಿಗಳನ್ನು ತೊಳೆದೆ. ಎರಡು ವಾರಕ್ಕೊಮ್ಮೆ ನಲವತ್ತು, ಕೆಲವೊಮ್ಮೆ ಐವತ್ತು. ತೊಳೆದಷ್ಟು ದಿನವೂ ಅಪ್ಪನನ್ನು ದ್ವೇಷಿಸಿದೆ. ಈಗ ನನಗೂ ಒಂದು ಮನೆ, ಒಂದು ಮಗು, ಒಂದಿಷ್ಟು ನರೆಗೂದಲು ಇರುವಾಗ ಅದನ್ನು ಮೆದು ಮಾಡಿ ಹೇಳಬಹುದು. ಕೇಳುವವರೂ ಅದನ್ನೇ ಬಯಸುತ್ತಾರೆ. ಆದರೆ ಮಸ್ಕತ್ತಿನ ದಾರ್ಸೈಟಿನ ಆ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಮೆದುವಾದದ್ದು ಏನಾದರೂ ಇದ್ದರೆ ಅದು ನೀರಿನಲ್ಲಿ ನೆನೆದ ಲೇಬಲ್ ಮಾತ್ರ. ನಾನೀಗ ಅಲ್ ಖೌದಿನಲ್ಲಿ ಇದ್ದೇನೆ, ಕಾರಿನಲ್ಲಿ ಅರ್ಧ ಗಂಟೆಯ ದೂರ. ಕೃಷ್ಣ ದೇವಸ್ಥಾನಕ್ಕೆ ಹೋದಾಗಲೆಲ್ಲ ಆ ಕಟ್ಟಡದ ಬುಡದಲ್ಲೇ ಹಾದುಹೋಗುತ್ತೇನೆ. ಗಾಡಿ ನಿಲ್ಲಿಸಿಲ್ಲ.

ಮನೆ ಎಂದರೆ ಎರಡು ಕೋಣೆ, ಒಂದು ಹಾಲ್, ಉದ್ದನೆಯ ಅಡುಗೆಮನೆ, ಒಂದೇ ಬಾತ್‌ರೂಮ್. ಬಾತ್‌ರೂಮಿನಲ್ಲಿ ತಿಳಿ ಹಸಿರು ಬಣ್ಣದ ಒಂದು ಟಬ್ ಇತ್ತು. ಅದರಲ್ಲಿ ಮಲಗಿ ಸ್ನಾನ ಮಾಡಿದವರನ್ನು ನಾನು ನೋಡಿಲ್ಲ. ನಾವು ಅದರ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು, ಮೊಣಕಾಲು ಟಬ್ಬಿಗೆ ತಾಗದ ಹಾಗೆ ಕುಕ್ಕರಗಾಲಿನಲ್ಲಿ ಕೂತು ಮೀಯುತ್ತಿದ್ದೆವು. ಟಬ್ ಬಾಟಲಿಗಳದು. ನನ್ನ ಕೋಣೆಯೂ ಪೂರ್ತಿ ನನ್ನದಾಗಿರಲಿಲ್ಲ. ಮನೆಯಲ್ಲೇ ಮಾಡುವ ಬಿಯರಿಗೆ ತಂಪು ಬೇಕು, ಹಗಲಿಡೀ ಎಸಿ ಹಾಕಿಡಲು ಒಂದು ಕೋಣೆ ಸಾಕು, ಅದು ಮಗುವಿನ ಕೋಣೆಯಾದರೆ ಯಾರೂ ಕೇಳುವುದಿಲ್ಲ ಎಂದು ಅಪ್ಪ ಲೆಕ್ಕ ಹಾಕಿದ್ದ. ಹಾಗಾಗಿ ಬಿಯರು ಹುದುಗುವ ಬಿಳಿ ಪ್ಲಾಸ್ಟಿಕ್ ಡ್ರಮ್ ನನ್ನ ಮಂಚದ ತಲೆದೆಸೆಯಲ್ಲಿ, ಹಳೆ ಬೆಡ್‌ಶೀಟ್ ಹೊದ್ದು ಕೂತಿತ್ತು. ಅದರ ಮುಚ್ಚಳದ ಸಣ್ಣ ಕೊಳವೆಯಿಂದ ಗುಳುಕ್ ಗುಳುಕ್ ಎಂದು ಗಾಳಿ ಬರುತ್ತಿತ್ತು. ಸಮಾಜ ಪಾಠ ಓದುವಾಗ, ಲೆಕ್ಕ ಮಾಡುವಾಗ, ಜ್ವರ ಬಂದು ಮಲಗಿದಾಗ ಅದು ನನ್ನ ಕಿವಿಯ ಹತ್ತಿರವೇ ಇತ್ತು. ಬ್ರೆಡ್ಡು ಹಳಸಿದಂಥ ವಾಸನೆ ನನ್ನ ದಿಂಬಿಗೆ ಹತ್ತಿತ್ತು.

ಇದೆಲ್ಲ ಮನೆಗೆ ಬರಲು ಕಾರಣ ಅಪ್ಪನ ಕಂಪನಿಯಲ್ಲಿದ್ದ ಒಬ್ಬ ಬಿಳಿಯ ಎಂಜಿನಿಯರ್. ಅವನು ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಡ್ರಮ್, ಮುಚ್ಚಳ ಒತ್ತುವ ಕೈಯಂತ್ರ, ಒಂದು ಚೀಲ ತಗಡಿನ ಮುಚ್ಚಳ, ಮಾಲ್ಟಿನ ಪಾಕದ ನಾಲ್ಕು ಡಬ್ಬಿ ಮತ್ತು ಕೈಬರಹದ ಒಂದು ಪುಸ್ತಕವನ್ನು ಅಪ್ಪನಿಗೆ ಕೊಟ್ಟುಹೋದ. ಬೇರೆ ಯಾರಿಗೂ ಕೊಡದೆ ತನಗೇ ಕೊಟ್ಟನಲ್ಲ ಎಂಬುದು ಅಪ್ಪನಿಗೆ ದೊಡ್ಡ ವಿಷಯ. ಅಪ್ಪ ಸ್ಟೋರಿನಲ್ಲಿ ಗುಮಾಸ್ತ. ನಟ್ಟು, ಬೋಲ್ಟು, ಕೈಗವಸು ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಹದಿನಾಲ್ಕು ವರ್ಷ ಅಲ್ಲೇ ಕೂತಿದ್ದ, ಅಲ್ಲಿ ಅವನ ಹೆಸರನ್ನು ಸರಿಯಾಗಿ ಹೇಳುವವರೂ ಇರಲಿಲ್ಲ. ಕುಡಿಯಬೇಕೆಂದಿದ್ದರೆ ಪರವಾನಗಿ ಮಾಡಿಸಿ ಅಂಗಡಿಯಿಂದಲೇ ತರಬಹುದಿತ್ತು, ಅದಕ್ಕೆ ಕಂಪನಿಯ ಪತ್ರ ಬೇಕಿತ್ತು. ಅಪ್ಪ ಕೇಳಲು ಹೋಗಲಿಲ್ಲ. ಕುಡಿಯುವುದಕ್ಕಿಂತ ಹೆಚ್ಚು ಅವನಿಗೆ ಮಾಡುವುದು ಬೇಕಾಗಿತ್ತು ಎಂದು ಈಗ ಅನಿಸುತ್ತದೆ. ಶುಕ್ರವಾರ ಮಧ್ಯಾಹ್ನ ಮೂರು ನಾಲ್ಕು ಜನ ನಮ್ಮ ಹಾಲಿನಲ್ಲಿ ಕೂತು ಗ್ಲಾಸನ್ನು ಬೆಳಕಿಗೆ ಹಿಡಿದು, ಜಯಣ್ಣ, ಈ ಸಲದ್ದು ಹೋಟೆಲಿನದ್ದಕ್ಕಿಂತ ಮೇಲೆ ಎಂದು ಹೇಳಿದಾಗ ಅವನ ಮುಖ ನೋಡಬೇಕಿತ್ತು. ನನ್ನ ಮಾರ್ಕ್ಸ್ ಕಾರ್ಡು ನೋಡಿ ಆ ಮುಖ ಒಮ್ಮೆಯೂ ಹಾಗಾದದ್ದಿಲ್ಲ.

ಮನೆಯಲ್ಲಿ ಹೀಗೆ ಮಾಡುವುದು ಕಾನೂನಿಗೆ ವಿರುದ್ಧ ಎಂದು ನನಗೆ ಮೊದಲ ದಿನವೇ ಹೇಳಿದ್ದರು. ಸಿಕ್ಕಿಬಿದ್ದರೆ ಅಪ್ಪನಿಗೆ ಜೈಲು, ಆಮೇಲೆ ವೀಸಾ ರದ್ದು, ಮೂವರೂ ಊರಿಗೆ. ಮಗುವಿಗೆ ಗುಟ್ಟು ಉಳಿಸಿಕೊಳ್ಳಲು ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡರು. ಅದೇ ಗುಟ್ಟು ಮಗುವಿನ ಕೈಯಲ್ಲಿ ಏನಾಗಬಹುದು ಎಂದು ಇಬ್ಬರೂ ಯೋಚಿಸಲಿಲ್ಲ.

ಬಾಟಲಿ ತರುತ್ತಿದ್ದವನು ಸದಾನಂದ ಮಾಮ. ಅಪ್ಪನ ಊರಿನವನೇ, ಕಾಪು ಕಡೆಯವನು, ಒಂದು ಹೋಟೆಲಿನ ಬಾರಿನಲ್ಲಿ ಕೆಲಸ. ಖಾಲಿ ಬಾಟಲಿಗಳನ್ನು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಮೇಲೆ ಕೊತ್ತಂಬರಿ ಕಟ್ಟು ಇಟ್ಟು ತರುತ್ತಿದ್ದ. ಒಳಗೆ ಏನೆಲ್ಲ ಇರುತ್ತಿತ್ತು. ಸಿಗರೇಟಿನ ತುಂಡು, ಒಣಗಿದ ನಿಂಬೆ ಹೋಳು, ಟಿಶ್ಯೂ ಕಾಗದ, ಒಮ್ಮೆ ಯಾರದೋ ಉಗುರು. ಬಾಯಿಯ ಅಂಚಿಗೆ ಲಿಪ್‌ಸ್ಟಿಕ್. ಎಂದೋ ಉಳಿದ ಗುಟುಕಿನ ಮೇಲೆ ಬೂದು ಬಣ್ಣದ ಬೂಷ್ಟು ತುಪ್ಪಳದ ಹಾಗೆ ಎದ್ದಿರುತ್ತಿತ್ತು. ಕಾಣದ ಜನರ ಎಂಜಲನ್ನು ಬೆರಳು ಹಾಕಿ ತೆಗೆಯುವುದು ಏನೆಂದು ನನಗೆ ಹನ್ನೊಂದಕ್ಕೆ ಗೊತ್ತಾಯಿತು.

ಮೊದಲು ಈ ಕೆಲಸ ಅಮ್ಮನಿಗೆ ಬಂದಿತ್ತು. ಅಮ್ಮ ಒಲೆಯ ಮುಂದೆ ನಿಂತು, ತಿರುಗಿಯೂ ನೋಡದೆ, ಅಪ್ಪನಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಅಪ್ಪನ ಕಳ್ಳಿನ ಮಡಕೆ ತೊಳೆದು ತೊಳೆದು ನನ್ನ ಬಾಲ್ಯ ಮುಗಿದದ್ದು. ಮಸ್ಕತ್ತಿಗೆ ಬಂದು ನಿಮ್ಮ ಬಾಟಲಿ ತೊಳೀಲಿಕ್ಕೆ ನನ್ನಿಂದ ಆಗುದಿಲ್ಲ. ನಾನು ಮುಟ್ಟುದೂ ಇಲ್ಲ."

ಅಮ್ಮನ ಅಪ್ಪ ಪಡುಬಿದ್ರೆಯ ಹತ್ತಿರ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಆ ಹುಳಿ ವಾಸನೆಯಿಂದ ಹೊರಗೆ ಬರಲೆಂದೇ ಅಮ್ಮ ಓದಿದಳು, ಟೈಪಿಂಗ್ ಕಲಿತಳು, ಗಲ್ಫಿನ ಗಂಡನ್ನು ಒಪ್ಪಿದಳು. ಅವಳ ಮಾತು ನ್ಯಾಯವಾದದ್ದೇ. ಅಪ್ಪ ಎರಡು ದಿನ ಕೂಗಾಡಿದ, ತಟ್ಟೆ ದೂಡಿದ. ಅವಳು ಜಗ್ಗಲಿಲ್ಲ. ಮೂರನೆಯ ದಿನ ಅಪ್ಪ ನನ್ನನ್ನು ಬಾತ್‌ರೂಮಿಗೆ ಕರೆದು ಕೈಗೆ ಉದ್ದ ಹಿಡಿಯ ಬ್ರಶ್ ಕೊಟ್ಟ. ಅಮ್ಮ ಅಡುಗೆಮನೆಯಿಂದ ನೋಡಿದಳು. ನೋಡಿ, ಹುರುಳಿಯಲ್ಲಿ ಕಲ್ಲು ಆರಿಸುವುದನ್ನು ಮುಂದುವರಿಸಿದಳು. ಜಗಳದಲ್ಲಿ ಗೆದ್ದವಳು ಅವಳು, ಗೆಲುವಿನ ಬೆಲೆ ನಾನು. ಅಪ್ಪನ ಮೇಲಿನ ಸಿಟ್ಟು ಎಲ್ಲರಿಗೂ ಕಾಣುವಂಥದ್ದಾಗಿತ್ತು. ಅಮ್ಮನ ಮೇಲಿನ ಸಿಟ್ಟಿಗೆ ಹೆಸರು ಸಿಗಲು ನನಗೆ ಬಹಳ ವರ್ಷ ಹಿಡಿಯಿತು.

ಅಪ್ಪ ಕಲಿಸಿದ ಕ್ರಮವನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಮೊದಲು ಕಸ ತೆಗೆದು ಒಮ್ಮೆ ಜಾಲಾಡಿಸಬೇಕು. ಟಬ್ಬಿಗೆ ಬಿಸಿನೀರು, ನಾಲ್ಕು ಹಿಡಿ ಸೋಡಾ ಹುಡಿ, ಒಂದು ಹಗಲು ನೆನೆಯಬೇಕು. ಲೇಬಲ್ ತಾನಾಗಿ ಬಿಟ್ಟು ಮೇಲೆ ತೇಲುತ್ತದೆ, ಉಳಿದ ಗೋಂದನ್ನು ಸ್ಟೀಲ್ ನಾರಿನಿಂದ ಉಜ್ಜಬೇಕು. ಆಮೇಲೆ ಒಳಗೆ ಬ್ರಶ್. ಭುಜದ ತಿರುವಿನಲ್ಲಿ ಕೊಳೆ ಅಡಗುತ್ತದೆ, ಅಲ್ಲಿ ಬ್ರಶ್ ಓರೆ ಮಾಡಿ ಇಪ್ಪತ್ತು ಸುತ್ತು. ಮೂರು ಸಲ ತೊಳೆದು ಕಿಟಕಿಯ ಬೆಳಕಿಗೆ ಹಿಡಿದು ಬುಡ ನೋಡಬೇಕು. ಮೂಗಿಗೆ ಹಿಡಿಯಬೇಕು. ಬಾಯಿಯ ಸುತ್ತ ಉಗುರು ಓಡಿಸಿ ಚಕ್ಕೆ ಎದ್ದಿದೆಯೋ ನೋಡಬೇಕು, ಎದ್ದಿದ್ದರೆ ಬಿಸಾಡಬೇಕು, ಇಲ್ಲದಿದ್ದರೆ ಮುಚ್ಚಳ ಬಿಗಿಯುವುದಿಲ್ಲ. ಇಷ್ಟಾದ ಮೇಲೆ ಬ್ಲೀಚ್ ಬೆರೆಸಿದ ನೀರು ತುಂಬಿ ಇಡುವುದು, ಚೆಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ವಾಸನೆ ಹೋಗುವವರೆಗೆ ಜಾಲಿಸುವುದು, ಬಟ್ಟೆ ಮುಟ್ಟಿಸದೆ ಕವುಚಿ ಹಾಕುವುದು. ಒಣಗಿದ ಮೇಲೆ ಬಾಯಿಗೆ ಅಲ್ಯೂಮಿನಿಯಂ ಹಾಳೆ.

"ತೊಳೆಯುದು ಒಂದು ಕೆಲಸ. ಕ್ರಿಮಿ ಸಾಯಿಸುದು ಬೇರೆ ಕೆಲಸ," ಎನ್ನುತ್ತಿದ್ದ ಅಪ್ಪ. "ಕೊಳೆ ಉಳಿದಿದ್ರೆ ಎಷ್ಟು ಬ್ಲೀಚ್ ಹಾಕಿದ್ರೂ ಕ್ರಿಮಿ ಅದರ ಅಡಿಯಲ್ಲಿ ಬದುಕ್ತದೆ."

ಆ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಹೇಳುವ ರೀತಿಯಲ್ಲಿ. ಗುರುವಾರ ಸಂಜೆ ಅಪ್ಪ ಬಂದು ಕೈಕಾಲು ತೊಳೆಯುವ ಮೊದಲು ಬಾಟಲಿಗಳನ್ನು ಪರೀಕ್ಷೆ ಮಾಡುತ್ತಿದ್ದ. ಒಂದನ್ನು ಎತ್ತಿ ಮೂಸಿ, ಮಾತಾಡದೆ, ಸಾಲಿನ ಹನ್ನೆರಡನ್ನೂ ಮತ್ತೆ ಟಬ್ಬಿಗೆ ಇಳಿಸುತ್ತಿದ್ದ. ಒಂದು ಕೆಟ್ಟಿದ್ದರೆ ಹನ್ನೆರಡೂ ವಾಪಸ್. ಯಾವುದು ಕೆಟ್ಟದ್ದೆಂದು ಹೇಳುತ್ತಿರಲಿಲ್ಲ. ಸ್ಟೋರಿನಲ್ಲಿ ಯಾರೋ ಅವನಿಗೆ ಹಾಗೆ ಮಾಡುತ್ತಿದ್ದಿರಬೇಕು. ಆಗ ನನಗೆ ಅದು ಹೊಳೆಯಲಿಲ್ಲ, ಹೊಳೆದಿದ್ದರೂ ಕ್ಷಮಿಸುತ್ತಿರಲಿಲ್ಲ. ನನ್ನ ಬೆರಳ ತುದಿಗಳು ಸುಕ್ಕಾಗಿ ಬಿರಿದಿದ್ದವು. ಸ್ಕೂಲಿನಲ್ಲಿ ಪೆನ್ಸಿಲ್ ಹಿಡಿದರೆ ಉರಿ. ನನ್ನಿಂದ ಈಜುಕೊಳದ ವಾಸನೆ ಬರುತ್ತದೆ ಎಂದು ಪಕ್ಕದ ಬೆಂಚಿನವಳು ಮೂಗು ಮುಚ್ಚಿದಾಗ, ನಾನು ಈಜು ಕಲಿಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಆಮೇಲೆ ಸ್ಕೂಲಿನ ಈಜು ಸ್ಪರ್ಧೆಗೆ ಅವಳೇ ನನ್ನ ಹೆಸರು ಬರೆಸಿದಳು. ಹೊಟ್ಟೆನೋವೆಂದು ಆ ದಿನ ಮನೆಯಲ್ಲಿ ಮಲಗಿ ಡ್ರಮ್ಮಿನ ಸದ್ದು ಕೇಳಿದೆ.

ಮನೆಗೆ ಗೆಳತಿಯರನ್ನು ಕರೆಯುವ ಹಾಗಿರಲಿಲ್ಲ. ಒಂದು ದಿನ ಕರೆಯದೆಯೇ ನಿಶಾ ಬಂದುಬಿಟ್ಟಳು, ವಿಜ್ಞಾನದ ನೋಟ್ಸ್ ಬೇಕೆಂದು. ಅವಳ ಅಪ್ಪ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದರು. ನೋಟ್ಸ್ ತೆಗೆದುಕೊಂಡವಳು ಬಾತ್‌ರೂಮ್ ಎಲ್ಲಿ ಎಂದು ಕೇಳಿದಳು. ಟಬ್ಬಿನಲ್ಲಿ ನಲವತ್ತೆಂಟು ಬಾಟಲಿ ಮುಳುಗಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಬಾಗಿಲಿಗೆ ಅಡ್ಡ ನಿಂತು, ಪೈಪು ಒಡೆದಿದೆ ಮಗಾ, ನೀರು ಬಂದ್ ಮಾಡಿದ್ದಾರೆ ಎಂದಳು. ನಿಶಾ ತಡೆದುಕೊಂಡು ಮೆಟ್ಟಿಲಿಳಿದು ಓಡಿದಳು. ಮರುದಿನ ಇಡೀ ಕ್ಲಾಸಿಗೆ ನಮ್ಮದು ಬಾತ್‌ರೂಮ್ ಇಲ್ಲದ ಮನೆ ಎಂದು ಗೊತ್ತಾಗಿತ್ತು. ಅದನ್ನು ಅಲ್ಲವೆನ್ನಲು ನನ್ನಲ್ಲಿ ಯಾವ ದಾರಿಯೂ ಇರಲಿಲ್ಲ. ಸಂಜೆ ಅಮ್ಮನ ಮುಂದೆ ಕೂತು ಅತ್ತುಬಿಟ್ಟೆ. ತನ್ನ ಅಪ್ಪನ ಮನೆಗೆ ತನ್ನ ಗೆಳತಿಯರು ಯಾರು ಬಂದಿದ್ದರು ಎಂದು ಅವಳು ಕೇಳಿದಳು. ಅದು ಸಮಾಧಾನದ ಮಾತಾಗಿರಲಿಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಒಂದು ಸಲದ ಬಿಯರು ಪೂರ್ತಿ ಕೆಟ್ಟಿತು. ಬಾಟಲಿಗೆ ತುಂಬಿ ಮೂರು ವಾರ ಇಟ್ಟದ್ದನ್ನು ಅಪ್ಪ ಒಂದು ಶುಕ್ರವಾರ ಮಧ್ಯಾಹ್ನ ಹೊರಗೆ ತೆಗೆದ. ಹಾಲಿನಲ್ಲಿ ಸದಾನಂದ ಮಾಮನೂ ವಿಲ್ಫ್ರೆಡ್ ಅಂಕಲೂ ಕೂತಿದ್ದರು. ವಿಲ್ಫ್ರೆಡ್ ಅಂಕಲ್ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದರು. ಅಪ್ಪನನ್ನು ಮಾಸ್ಟರ್ ಎಂದು ಕರೆಯಲು ಶುರುಮಾಡಿದ್ದೇ ಅವರು. ಮೊದಲ ಬಾಟಲಿಯ ಮುಚ್ಚಳ ಎತ್ತಿದ್ದೇ ತಡ, ನೊರೆ ಚಿಮ್ಮಿ ಸೋಫಾದ ಮೇಲೆಲ್ಲ ಸುರಿಯಿತು. ವಿನೆಗರಿನ ಘಾಟು. ಎರಡನೆಯದೂ ಹಾಗೆಯೇ, ಐದನೆಯದೂ. ಅಪ್ಪ ಒಂದೊಂದನ್ನೇ ಅಡುಗೆಮನೆಯ ಸಿಂಕಿಗೆ ಸುರಿಯುತ್ತ ಬಂದ. ಅಮ್ಮ ಮೀನಿನ ಪಾತ್ರೆ ಎತ್ತಿಕೊಂಡು ಪಕ್ಕಕ್ಕೆ ಸರಿದಳು. ಕೊನೆಗೆ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದ. ಹಾಲಿನ ನಡುವೆ ನಿಲ್ಲಿಸಿದ. ಗೆಳೆಯರ ಕಡೆ ತಿರುಗಿ, ಮಾಡಿದ್ದೆಲ್ಲ ಸರಿ ಇದೆ, ಇವಳ ಕೈ ಸರಿ ಇಲ್ಲ, ಕೊಳಕು ಹುಡುಗಿ, ಬಾಟಲಿಯ ಒಳಗೆ ನೀರು ತೋರಿಸಿ ಬಿಟ್ಟಿದ್ದಾಳೆ ಎಂದ. ವಿಲ್ಫ್ರೆಡ್ ಅಂಕಲ್ ನಕ್ಕರು. ಅವರ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮುಜುಗರಕ್ಕೆ ನಕ್ಕದ್ದು.

ಆ ಬಾಟಲಿಗಳನ್ನು ನಾನು ತೊಳೆದಿದ್ದೆ. ಒಂದೊಂದನ್ನೂ. ದ್ವೇಷ ಇದ್ದದ್ದರಿಂದಲೇ ಚೊಕ್ಕಟವಾಗಿ ತೊಳೆಯುತ್ತಿದ್ದೆ, ಅವನಿಗೆ ಒಂದು ಮಾತೂ ಆಡಲು ಜಾಗ ಕೊಡಬಾರದೆಂದು. ಹಾಗಾದರೆ ಕೊಳೆ ಎಲ್ಲಿಂದ ಬಂತು ಎಂದು ಆ ಕ್ಷಣದಲ್ಲಿ ನನ್ನ ತಲೆ ಓಡಿತು, ಪರೀಕ್ಷೆಯ ಹಾಲಿನಲ್ಲಿ ಓಡುವ ಹಾಗೆ. ಡ್ರಮ್ಮಿನಿಂದ ಬಾಟಲಿಗೆ ಬಿಯರು ಇಳಿಸಲು ಒಂದು ಉದ್ದನೆಯ ಪ್ಲಾಸ್ಟಿಕ್ ಪೈಪು ಇತ್ತು. ಅದನ್ನು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪ ತಾನೇ ಅದಕ್ಕೆ ನಲ್ಲಿಯ ನೀರು ಬಿಟ್ಟು, ಸುತ್ತಿ, ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಿದ್ದ. ನಾನು ನನ್ನ ಕೋಣೆಗೆ ಹೋಗಿ ಆ ಪೈಪನ್ನು ತಂದೆ. ಹಾಲಿನ ಕಿಟಕಿಯ ಪರದೆ ಸರಿಸಿ ಬೆಳಕಿಗೆ ಹಿಡಿದೆ. ಒಳಗಡೆ ಉದ್ದಕ್ಕೂ ಸಾಸಿವೆಯಷ್ಟಷ್ಟು ಕಪ್ಪು ಚುಕ್ಕೆಗಳು ಅಂಟಿಕೊಂಡಿದ್ದವು.

"ಅಪ್ಪ, ಇದನ್ನು ತೊಳೆದದ್ದು ಯಾರು?" ಎಂದು ಕೇಳಿದೆ.

ಅಪ್ಪ ನನ್ನ ಕೆನ್ನೆಗೆ ಹೊಡೆದ. ಅವನು ನನಗೆ ಹೊಡೆದದ್ದು ಅದೇ ಮೊದಲು. ಗೆಳೆಯರ ಎದುರಿಗೆ ಅಂಗೈ ಬೀಸಿ, ಪೂರ್ತಿ ಹೊಡೆತ. ಪೈಪು ಕೈಯಿಂದ ಬಿತ್ತು. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಹೊರಗೆ ಜುಮ್ಮಾ ನಮಾಜು ಮುಗಿದು ಜನ ಮಸೀದಿಯಿಂದ ವಾಪಸ್ ಬರುವ ಸದ್ದು ಕೇಳಿಸುತ್ತಿತ್ತು, ಕಾರಿನ ಬಾಗಿಲುಗಳು, ಸಲಾಮುಗಳು. ನಮ್ಮ ಕಟ್ಟಡದ ಮಾಲೀಕರ ಆಫೀಸು ಕೆಳಗೇ ಇತ್ತು. ಬಿಳಿ ಗಡ್ಡದ ಒಮಾನಿ ಅಜ್ಜ. ಎಲ್ಲರೂ ಅವರನ್ನು ಅರ್ಬಾಬ್, ಅಂದರೆ ಯಜಮಾನರು, ಎನ್ನುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ಬಂದು ಅಲ್ಲಿ ಕೂರುತ್ತಿದ್ದರು, ಮೆಟ್ಟಿಲಲ್ಲಿ ಸಿಕ್ಕಿದರೆ ನನಗೆ ಖರ್ಜೂರ ಕೊಡುತ್ತಿದ್ದರು. ನಾನು ಹೋಗಿ ಮುಂಬಾಗಿಲಿನ ಚಿಲಕ ತೆಗೆದೆ. ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಆಚೆ ಒಂದು ಕಾಲಿಟ್ಟೆ.

"ನಾನು ಕೆಳಗೆ ಹೋಗಿ ಅರ್ಬಾಬರಿಗೆ ಹೇಳ್ತೇನೆ. ಎಲ್ಲ ಹೇಳ್ತೇನೆ."

ಕೂಗಲಿಲ್ಲ. ಕೂಗುವ ಅಗತ್ಯವಿರಲಿಲ್ಲ. ತೆರೆದ ಬಾಗಿಲಿನಿಂದ ಬಿಯರಿನ ಹುಳಿ ವಾಸನೆ ಮೆಟ್ಟಿಲಿಗೆ ಹರಿಯುತ್ತಿದ್ದದ್ದು ನನಗೇ ಗೊತ್ತಾಗುತ್ತಿತ್ತು. ಹಾಲಿನಲ್ಲಿದ್ದ ಮೂವರು ಗಂಡಸರು ಅಲ್ಲಾಡಲಿಲ್ಲ. ಅಪ್ಪನ ಬಾಯಿ ಅರ್ಧ ತೆರೆದಿತ್ತು. ಹದಿಮೂರು ತುಂಬದ ಹುಡುಗಿಗೆ ಮೂವರು ಗಂಡಸರು ಹೆದರಿದ್ದನ್ನು ನಾನು ಕಣ್ಣಾರೆ ನೋಡಿದೆ. ಸುಳ್ಳು ಹೇಳುವುದಿಲ್ಲ, ಅದು ಸುಖವಾಗಿತ್ತು. ಕೆನ್ನೆಯ ಉರಿ ಮರೆತುಹೋಗುವಷ್ಟು ಸುಖ. ಆ ಸುಖದ ರುಚಿ ನನ್ನಲ್ಲಿ ಉಳಿದುಬಿಟ್ಟಿತು. ಮುಂದೆ ಕೆಲಸದಲ್ಲಿ, ಮದುವೆಯಲ್ಲಿ, ಎದುರಿನವರ ಗುಟ್ಟೊಂದು ನನಗೆ ಗೊತ್ತಿದೆ ಎಂದಾಗ ನಾನು ಎಷ್ಟು ನೆಮ್ಮದಿಯಿಂದ ಕೂತಿರುತ್ತೇನೆ ಎಂಬುದು ನನ್ನ ಗಂಡನಿಗೆ ಗೊತ್ತು.

ಒಳಗೆ ಎಳೆದವಳು ಅಮ್ಮ. ಹಿಂದಿನಿಂದ ಬಂದು ಜಡೆ ಹಿಡಿದು ಎಳೆದು, ಬಾಗಿಲು ಹಾಕಿ, ಚಿಲಕದ ಮೇಲೆ ಬೆನ್ನು ಕೊಟ್ಟು ನಿಂತಳು. ಕಾಲು ಗಂಟೆಯಲ್ಲಿ ಹಾಲ್ ಖಾಲಿ. ಸದಾನಂದ ಮಾಮ ತಾನು ತಂದ ರಟ್ಟಿನ ಪೆಟ್ಟಿಗೆಯನ್ನೂ ಮಡಚಿ ಕಂಕುಳಲ್ಲಿಟ್ಟುಕೊಂಡ. ವಿಲ್ಫ್ರೆಡ್ ಅಂಕಲ್ ತಮ್ಮ ಗ್ಲಾಸನ್ನು ಅಡುಗೆಮನೆಗೆ ಒಯ್ದು, ಸೋಪು ಹಾಕಿ ತೊಳೆದು, ಒರೆಸಿ ಕಪಾಟಿನಲ್ಲಿಟ್ಟರು. ಆ ಮನೆಯಲ್ಲಿ ಒಬ್ಬ ಗಂಡಸು ತನ್ನ ಗ್ಲಾಸು ತಾನೇ ತೊಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೋಗುವಾಗ ಇಬ್ಬರೂ ಅಪ್ಪನ ಮುಖ ನೋಡಲಿಲ್ಲ. ಆಮೇಲೆ ಅವರು ಬರಲೇ ಇಲ್ಲ. ದೇವಸ್ಥಾನದ ಅಂಗಳದಲ್ಲಿ ಸದಾನಂದ ಮಾಮ ಅಪ್ಪನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಆಚೆ ನಡೆಯುತ್ತಿದ್ದ.

ಬಾಗಿಲಿನ ಬೀಗದ ಕೈ ಅಪ್ಪನ ಜೇಬು ಸೇರಿತು. ಅಮ್ಮ ನನ್ನ ಕೋಣೆಗೆ ಬಂದು ಡ್ರಮ್ಮಿನ ಪಕ್ಕ, ನೆಲದ ಮೇಲೆ ಕೂತಳು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಅವರಿಗೆ ಹೇಳಿದ್ರೆ ನಾವು ಮೂವರೂ ಖಲಾಸ್. ಗೊತ್ತುಂಟಾ ನಿನಗೆ?"

"ಗೊತ್ತುಂಟು. ಬಾಟಲಿ ನೀನು ತೊಳೆದಿದ್ರೆ ನಾನು ಹೇಳ್ತಿರಲಿಲ್ಲ."

ಅಮ್ಮ ತನ್ನ ಅಂಗೈ ನೋಡಿಕೊಂಡಳು.

"ನಾನು ಮಡಕೆ ತೊಳೀಲಿಕ್ಕೆ ಕೂತಾಗ ನನಗೆ ಎಂಟು ವರ್ಷ," ಎಂದಳು. "ನಾನು ಯಾರ ಹತ್ರವೂ ಹೇಳ್ಲಿಲ್ಲ."

ಅದನ್ನು ಅವಳು ಹೆಮ್ಮೆಯಿಂದ ಹೇಳಿದಳು. ನನಗೆ ಅಂದು ಮುರಿದದ್ದು ಅಲ್ಲಿ, ಕೆನ್ನೆಯಲ್ಲಲ್ಲ. ತನಗೆ ಆದದ್ದು ಅನ್ಯಾಯ ಎಂದು ತಿಳಿದವಳು ಅದನ್ನು ನನಗೆ ಅಳತೆಗೋಲು ಮಾಡಿಕೊಂಡಿದ್ದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಎದ್ದುಹೋಗಿ ಸಿಂಕು ತೊಳೆದಳು. ಬಿಯರಿಗೆ ಸಂಬಂಧಪಟ್ಟದ್ದನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಮರುದಿನ ಅಪ್ಪ ರಜೆ ಹಾಕಿದ. ಮನೆಯಲ್ಲಿದ್ದದ್ದನ್ನೆಲ್ಲ ಖಾಲಿ ಮಾಡಬೇಕಿತ್ತು, ಒಂದು ಕುರುಹು ಉಳಿಯದ ಹಾಗೆ. ತುಂಬಿದ್ದ ಬಾಟಲಿಗಳನ್ನು ಸುರಿದಾದ ಮೇಲೆ ಎಂಬತ್ತು ಚಿಲ್ಲರೆ ಖಾಲಿ ಬಾಟಲಿಗಳಾದವು. ಹಾಗೇ ಬಿಸಾಡಿದರೆ ವಾಸನೆ ಹಿಡಿದು ಯಾರಾದರೂ ಕೇಳಿಯಾರು ಎಂದು ಅಪ್ಪ ಎಲ್ಲವನ್ನೂ ಮತ್ತೆ ತೊಳೆಯಲು ಕೂತ. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಬ್ರಶ್ ತೆಗೆದುಕೊಂಡೆ. ಅದೊಂದು ದಿನ ನಾವಿಬ್ಬರೂ ಟಬ್ಬಿನ ಎರಡು ತುದಿಯಲ್ಲಿ ಕೂತು ತೊಳೆದೆವು. ಅವನು ತೊಳೆದದ್ದನ್ನು ನಾನು ಎತ್ತಿ ಮೂಸಿ, ಮಾತಾಡದೆ, ಮತ್ತೆ ನೀರಿಗೆ ಇಳಿಸಿದೆ. ಒಂದಲ್ಲ, ಹನ್ನೆರಡು. ಅಪ್ಪ ನನ್ನನ್ನು ನೋಡಿದ. ಹನ್ನೆರಡನ್ನೂ ಇನ್ನೊಮ್ಮೆ ತೊಳೆದ. ಕೊನೆಗೆ ಅಡುಗೆಮನೆಯ ಕತ್ತರಿ ತಂದು ಆ ಪೈಪನ್ನು ಗೇಣುದ್ದ ತುಂಡು ಮಾಡತೊಡಗಿದ. ಒಂದು ತುಂಡು ಸೀಳಿಹೋಗಿ ಒಳಮೈ ಹೊರಗೆ ಬಂತು. ಕಪ್ಪು ಲೋಳೆ ಅವನ ಹೆಬ್ಬೆರಳಿಗೆ ಹತ್ತಿತು. ಅವನೂ ನೋಡಿದ, ನಾನೂ ನೋಡಿದೆ. ಅವನು ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಒಂದೇ ಕಡೆ ಎಸೆಯುವ ಹಾಗಿರಲಿಲ್ಲ. ಕಾರಿನ ಡಿಕ್ಕಿ ತುಂಬಿಸಿ ಹತ್ತು ಇಲ್ಲಿ, ಹದಿನೈದು ಅಲ್ಲಿ ಎಂದು ಊರು ಸುತ್ತಿದೆವು. ನನ್ನನ್ನು ಮನೆಯಲ್ಲಿ ಬಿಟ್ಟುಹೋಗುವ ಧೈರ್ಯ ಅಪ್ಪನಿಗೆ ಇರಲಿಲ್ಲ, ಅದಕ್ಕೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ದಾರಿಯುದ್ದಕ್ಕೂ ಹಿಂದೆ ಗಾಜಿಗೆ ಗಾಜು ತಾಗುವ ಸದ್ದು. ಕೊನೆಯ ಕಂತು ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹಿಂದೆ. ಕಸದ ದೊಡ್ಡ ಡಬ್ಬಿಗಳ ಹತ್ತಿರ ಗಾಡಿ ನಿಲ್ಲಿಸಿ ಅಪ್ಪ ಚೀಲ ಇಳಿಸುವಾಗ, ಕೊಳೆತ ಕೋಸಿನ ಎಲೆ ಗುಡಿಸುತ್ತಿದ್ದ ಒಬ್ಬ ಬಾಂಗ್ಲಾದ ಮುದುಕ ಪೊರಕೆ ಹಿಡಿದುಕೊಂಡೇ ಬಂದ. ಚೀಲದಿಂದ ಒಂದು ಬಾಟಲಿ ಎತ್ತಿ ಬಿಸಿಲಿಗೆ ಹಿಡಿದು, ಬುಡ ನೋಡಿ, ಮೂಸಿ ನೋಡಿದ. ಅಪ್ಪ ರಸ್ತೆಯ ಎರಡೂ ಕಡೆ ನೋಡಿದ.

"ಬಹುತ್ ಸಾಫ್ ಹೈ, ಸಾಬ್," ಎಂದ ಅವನು. "ಎಣ್ಣೆ ಹಾಕಿಡಲಿಕ್ಕೆ ಬೇಕಿತ್ತು. ತೊಳೆದದ್ದು ಯಾರು?"

ಹಿಂದಿಯಲ್ಲಿ ಕೇಳಿದ್ದು. ಅಪ್ಪ ನನ್ನ ಕಡೆ ನೋಡಲಿಲ್ಲ. ಯಲ್ಲಾ, ಬೇಗ, ಎಲ್ಲ ತೆಗೆದುಕೊಂಡು ಹೋಗು ಎಂದು ಚೀಲವನ್ನು ಅವನ ಕೈಗೆ ಕೊಟ್ಟು ಗಾಡಿ ಹತ್ತಿದ. ನನ್ನ ಎರಡು ವರ್ಷದ ಕೆಲಸಕ್ಕೆ ಸಿಕ್ಕ ಒಂದೇ ಒಂದು ಒಳ್ಳೆಯ ಮಾತು ಅದು. ಅದನ್ನು ನನ್ನದೆಂದು ಹೇಳಿಕೊಳ್ಳಲೂ ಆಗಲಿಲ್ಲ.

ಅಪ್ಪ ಮುಂದೆ ನನ್ನೊಡನೆ ನೇರ ಮಾತಾಡುವುದನ್ನು ಬಿಟ್ಟ. ಅವಳಿಗೆ ಫೀಸು ಕಟ್ಟಿದ್ದೇನೆ ಎಂದು ಹೇಳು, ಅವಳಿಗೆ ಎಸಿ ಆರಿಸಲು ಹೇಳು ಎಂದು ಅಮ್ಮನ ಮೂಲಕ. ಡ್ರಮ್ ಹೋದ ಮೇಲೆ ನನ್ನ ಕೋಣೆ ದೊಡ್ಡದಾಗಿ ಕಂಡಿತು. ಟಬ್ ಖಾಲಿ ಇತ್ತು, ಆದರೂ ನಾವು ಪಕ್ಕದಲ್ಲೇ ಬಕೆಟ್ ಇಟ್ಟುಕೊಂಡು ಮೀಯುತ್ತಿದ್ದೆವು. ಶುಕ್ರವಾರ ಮಧ್ಯಾಹ್ನ ಅಪ್ಪ ಹಾಲಿನಲ್ಲಿ ಒಬ್ಬನೇ ಕೂತು ಟೀವಿ ನೋಡುತ್ತಿದ್ದ. ಯಾರಾದರೂ ಬೆಲ್ ಮಾಡಿದರೆ ಅವನು ಮೊದಲು ನೋಡುತ್ತಿದ್ದದ್ದು ಬಾಗಿಲನ್ನಲ್ಲ, ನನ್ನನ್ನು. ಒಮ್ಮೆ ಅರ್ಬಾಬರೇ ಬಂದಿದ್ದರು, ನೀರಿನ ಟ್ಯಾಂಕ್ ತೊಳೆಸುತ್ತೇವೆ ಎಂದು ತಿಳಿಸಲು. ನಾನು ಬಾಗಿಲು ತೆಗೆದೆ. ಅವರು ಶಾಲೆ ಹೇಗಿದೆ ಎಂದು ಕೇಳಿದರು, ನಾನು ಚೆನ್ನಾಗಿದೆ ಎಂದೆ. ಅಷ್ಟೇ. ತಿರುಗಿ ನೋಡಿದರೆ ಅಪ್ಪ ಸೋಫಾದಿಂದ ಎದ್ದು ನಿಂತಿದ್ದ, ಬೆವರಿದ್ದ. ಆ ಸಂಜೆ ಅಡುಗೆಮನೆಯಲ್ಲಿ ಅವನು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

"ಇವಳು ಇಲ್ಲಿದ್ರೆ ನನಗೆ ಬದುಕ್ಲಿಕ್ಕೆ ಆಗುದಿಲ್ಲ."

ಅಮ್ಮ ತಡೆಯುತ್ತಾಳೆ ಎಂದುಕೊಂಡೆ. ಅವಳು ಕುಕ್ಕರ್ ಮೂರನೆಯ ಸಲ ಕೂಗುವವರೆಗೆ ಕಾದು, ಒಲೆ ಆರಿಸಿ, ಮುಲ್ಕಿಯಲ್ಲಿದ್ದ ತನ್ನ ಅಕ್ಕನಿಗೆ ಫೋನು ಮಾಡಿದಳು. ಅಲ್ಲಿನ ಸ್ಕೂಲು ಒಳ್ಳೆಯದು, ಇವಳಿಗೆ ಸ್ವಲ್ಪ ಕನ್ನಡವೂ ಬರಲಿ ಎಂದಳು. ಎಲ್ಲರಿಗೂ ಅದನ್ನೇ ಹೇಳಿದರು. ಸಿಕ್ಕಿಬಿದ್ದರೆ ಮೂವರೂ ಊರಿಗೆ ಎಂದು ಎರಡು ವರ್ಷ ನನ್ನನ್ನು ಹೆದರಿಸಿದ್ದರು. ಯಾರೂ ಸಿಕ್ಕಿಬೀಳಲಿಲ್ಲ. ದೇಶ ಬಿಟ್ಟು ಹೋದವಳು ನಾನೊಬ್ಬಳೇ.

ವಾರ್ಷಿಕ ಪರೀಕ್ಷೆ ಮುಗಿದ ಮರುವಾರ ಟಿಕೆಟ್. ಅಮ್ಮ ಮನೆಯ ಬಾಗಿಲಲ್ಲೇ ಬೀಳ್ಕೊಟ್ಟಳು, ತಾನು ಟೈಪಿಂಗ್ ಮಾಡುವ ಆಫೀಸಿನಲ್ಲಿ ರಜೆ ಸಿಗಲಿಲ್ಲ ಎಂದಳು. ನನ್ನ ಚೀಲದಲ್ಲಿ ಒಂದು ಡಬ್ಬಿ ಕೈಗೆ ಹಚ್ಚುವ ಕ್ರೀಮು ಇಟ್ಟಿದ್ದಳು. ಏರ್‌ಪೋರ್ಟಿಗೆ ಅಪ್ಪ ಬಂದ. ಒಂಟಿಯಾಗಿ ಹೋಗುವ ಮಕ್ಕಳಿಗೆ ಒಂದು ಫಾರಂ ತುಂಬಬೇಕಿತ್ತು. ಯಾರು ಕಳಿಸುತ್ತಿದ್ದಾರೆ, ಯಾರು ಕರೆದುಕೊಳ್ಳುತ್ತಾರೆ ಎಂದು. ಅಪ್ಪ ಸ್ಟೋರಿನ ರಿಜಿಸ್ಟರಿನಲ್ಲಿ ಬರೆಯುವಂಥ ಬಿಡಿಬಿಡಿ ದೊಡ್ಡ ಅಕ್ಷರಗಳಲ್ಲಿ ಬರೆದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೊರಳಿಗೆ ತೂಗುಹಾಕಿದರು. ಸಿಬ್ಬಂದಿಯ ಹುಡುಗಿ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು ಎರಡು ನಿಮಿಷ ಎಂದು ಕೌಂಟರಿಗೆ ಹೋದಳು. ಅಪ್ಪ ಹತ್ತಿರ ಬಂದು, ಬಗ್ಗಿ, ಮೂರು ತಿಂಗಳ ನಂತರ ಮೊದಲ ಸಲ ನನಗೇ ಹೇಳಿದ.

"ಊರಲ್ಲಿ ಯಾರಿಗೂ ಹೇಳ್ಬೇಡ."

ನಾನು ಅವನ ಮುಖವನ್ನೇ ನೋಡಿದೆ.

"ಯಾವುದನ್ನು?" ಎಂದು ಕೇಳಿದೆ.

 ಅಪ್ಪ ಬಿಯರ್ ಎನ್ನಬಹುದಿತ್ತು. ಹೊಡೆದದ್ದು ಎನ್ನಬಹುದಿತ್ತು. ಪೈಪು ಎನ್ನಬಹುದಿತ್ತು, ಅಥವಾ ನಿನ್ನನ್ನು ಯಾಕೆ ಕಳಿಸುತ್ತಿದ್ದೇನೆಂಬುದನ್ನು ಎನ್ನಬಹುದಿತ್ತು. ಒಂದನ್ನು ಹೆಸರಿಸಿದ್ದರೂ ನಾನು ಹೂಂ ಎನ್ನುತ್ತಿದ್ದೆನೋ ಏನೋ. ಅವನು ನನ್ನ ಕೊರಳಿನ ಚೀಲವನ್ನು ಹಿಡಿದು, ತಾನು ಬರೆದದ್ದು ಸರಿ ಇದೆಯೇ ಎಂದು ಓದುವವನ ಹಾಗೆ, ಕಣ್ಣು ಕೆಳಗೆ ಮಾಡಿ ನಿಂತ. ಸಿಬ್ಬಂದಿಯ ಹುಡುಗಿ ಬಂದು ನನ್ನ ಕೈ ಹಿಡಿದಳು. ಅಪ್ಪ ಚೀಲ ಬಿಡಬೇಕಾಯಿತು. ನಾನು ಒಳಗೆ ನಡೆದೆ.